ಬೊಗಸೆಯಷ್ಟು ಕತ್ತಲು: ಒಂದು ಕಪ್ಪು ಬಟ್ಟಲಿನ ಹಿಂದೆ ಐದು ದಿನ

ದಿನ 1, ಟೋಕಿಯೋ

ಬೆಳಿಗ್ಗೆ ನರಿತಾದಲ್ಲಿ ಇಳಿದು, ರೂಮಿಗೆ ಬ್ಯಾಗ್ ಹಾಕಿ, ಮುಖ ತೊಳ್ಕೊಂಡು ಸೀದಾ ಹೋಗಿದ್ದು ನಿಹೊನ್‌ಬಾಶಿಗೆ. ಯಾಕಂದ್ರೆ ಈ ಟ್ರಿಪ್ಪಿಗೆ ಇದ್ದ ಕಾರಣನೇ ಒಂದು ಬಟ್ಟಲು. ಟೀ ಕುಡಿಯೋ ಬಟ್ಟಲು, ಕೈಯಲ್ಲಿ ಮಾಡಿದ್ದು, ಕಪ್ಪು ಬಣ್ಣ, ಮೇಲೆ ಒಂದು ಗೆರೆ ಇಲ್ಲ ಹೂವಿಲ್ಲ ಏನಿಲ್ಲ.

ಹಿನ್ನೆಲೆ ಸ್ವಲ್ಪ ಹೇಳ್ಬೇಕು. ಬೆಂಗಳೂರಲ್ಲಿ ಮೂರು ವರ್ಷದಿಂದ ಭಾನುವಾರ ಪಾಟರಿ ಕ್ಲಾಸಿಗೆ ಹೋಗ್ತೀನಿ. ಅಲ್ಲಿ ವರ್ಷಕ್ಕೊಂದ್ಸಲ 'ರಾಕು ಫೈರಿಂಗ್' ಅಂತ ಮಾಡ್ತಾರೆ, ನಿಗಿನಿಗಿ ಕೆಂಪಾದ ಮಡಕೆನ ಇಕ್ಕಳದಲ್ಲಿ ಹಿಡಿದು ಮರದ ಪುಡಿ ತುಂಬಿರೋ ಡಬ್ಬಕ್ಕೆ ಹಾಕ್ತಾರೆ, ಭಗ್ ಅಂತ ಬೆಂಕಿ ಏಳುತ್ತೆ, ಎಲ್ರೂ ವಿಡಿಯೋ ಮಾಡ್ತಾರೆ. ಚೆನ್ನಾಗಿರುತ್ತೆ ನೋಡೋಕೆ. ಆದ್ರೆ ಈ ಹೊಗೆ ಬೆಂಕಿ ಎಲ್ಲ ಸುಮಾರು 1960ರ ಹೊತ್ತಿಗೆ ಅಮೆರಿಕದಲ್ಲಿ ಪಾಲ್ ಸೋಲ್ಡ್‌ನರ್ ಅನ್ನೋರು ಬೆಳೆಸಿದ ದಾರಿ, ಅದಕ್ಕೂ ಮುಂಚೆ 1911ರಲ್ಲಿ ಬರ್ನಾರ್ಡ್ ಲೀಚ್ ಟೋಕಿಯೋದಲ್ಲಿ ಒಂದು ಪಾರ್ಟಿಯಲ್ಲಿ ರಾಕು ಸುಡೋದನ್ನ ನೋಡಿ ಅದನ್ನ ಪಶ್ಚಿಮಕ್ಕೆ ತಗೊಂಡು ಹೋಗಿದ್ದು, ಮೂಲದ ರಾಕು ಅಂದ್ರೆ ಬೇರೆನೇ ಅಂತ ಗೊತ್ತಾದಾಗಿಂದ ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು. ಮೂಲದ್ದು ಅಂದ್ರೆ ಕ್ಯೋಟೋದ ಒಂದು ಮನೆ. ಒಂದೇ ಮನೆತನ, ಹದಿನಾರು ತಲೆಮಾರು, ಮೊದಲನೆಯವನ ಹೆಸರು ಚೋಜಿರೋ.

ಮಿತ್ಸುಯಿ ಮೆಮೋರಿಯಲ್ ಮ್ಯೂಸಿಯಂ ಇರೋದು 1929ರ ಹಳೇ ಮಿತ್ಸುಯಿ ಕಟ್ಟಡದ ಏಳನೇ ಮಹಡಿಯಲ್ಲಿ. ಕಲ್ಲಿನ ದೊಡ್ಡ ದೊಡ್ಡ ಕಂಬ, ಒಳಗೆ ಬ್ಯಾಂಕಿನ ಗಾಂಭೀರ್ಯ. ಲಿಫ್ಟ್ ಹತ್ತಿ ಮೇಲೆ ಹೋದ್ರೆ ಒಮ್ಮೆಲೇ ನಿಶ್ಶಬ್ದ, ಮಂದ ಲೈಟು. ನಾವು ಹೋದಾಗ 'ಶುನ್‌ಕಾನ್' ಪ್ರದರ್ಶನದಲ್ಲಿತ್ತು, ತಂಗಿ ಮೊದಲೇ ಚೆಕ್ ಮಾಡಿಟ್ಟಿದ್ಲು (ಅವಳು ಓಸಾಕಾದಲ್ಲಿ ಕೆಲಸ ಮಾಡೋದು, ಈ ಇಡೀ ಟ್ರಿಪ್ಪಿನಲ್ಲಿ ನನ್ನ ಕಿವಿ ಬಾಯಿ ಎಲ್ಲ ಅವಳೇ).

ಶುನ್‌ಕಾನ್ ಅನ್ನೋದು ಬಟ್ಟಲಿನ ಹೆಸರು. ಜಪಾನಲ್ಲಿ ಒಳ್ಳೇ ಟೀ ಬಟ್ಟಲುಗಳಿಗೆ ಮನುಷ್ಯರ ಥರ ಹೆಸರಿಡ್ತಾರೆ. ಈ ಹೆಸರಿನ ಕಥೆ ಹೀಗೆ. ಜಪಾನಲ್ಲಿ ಅತಿಥಿಗೆ ಟೀ ಮಾಡಿ ಕೊಡೋದೇ ಒಂದು ವಿಧಿ, ಅದನ್ನ ಕಲಿಸೋ ಟೀ ಗುರು ಸೆನ್ ನೋ ರಿಕ್ಯೂ ದೂರದ ಸತ್ಸುಮಾದಲ್ಲಿದ್ದ ಶಿಷ್ಯನಿಗೆ ಚೋಜಿರೋ ಮಾಡಿದ ಮೂರು ಬಟ್ಟಲು ಕಳಿಸ್ತಾನೆ, ಶಿಷ್ಯ ಎರಡು ವಾಪಸ್ ಕಳಿಸಿ ಒಂದನ್ನ ಮಾತ್ರ ಇಟ್ಕೊಳ್ತಾನೆ. ಹನ್ನೆರಡನೇ ಶತಮಾನದಲ್ಲಿ ಶುನ್‌ಕಾನ್ ಅನ್ನೋ ಸನ್ಯಾಸಿ ಇನ್ನಿಬ್ಬರ ಜೊತೆ ಪಿತೂರಿ ಮಾಡಿ ಸಿಕ್ಕಿಬಿದ್ದು ದಕ್ಷಿಣದ ಒಂದು ದ್ವೀಪಕ್ಕೆ ಗಡೀಪಾರಾಗ್ತಾನೆ, ಆಮೇಲೆ ಕ್ಷಮಾಪಣೆಯ ಹಡಗು ಬಂದಾಗ ಇನ್ನಿಬ್ಬರನ್ನ ಹತ್ತಿಸ್ಕೊಂಡು ಇವನೊಬ್ಬನನ್ನ ದಡದಲ್ಲೇ ಬಿಟ್ಟು ಹೋಗುತ್ತೆ. ಮೂರರಲ್ಲಿ ಎರಡು ಊರಿಗೆ ವಾಪಸ್, ಒಂದು ಅಲ್ಲೇ. ಅದಕ್ಕೆ ಈ ಬಟ್ಟಲು ಶುನ್‌ಕಾನ್.

ಗಾಜಿನ ಮುಂದೆ ನಿಂತೆ. ಎಂಟು ಸೆಂಟಿಮೀಟರ್ ಚಿಲ್ಲರೆ ಎತ್ತರ, ಬಾಯಿ ಹನ್ನೊಂದರ ಹತ್ತಿರ. ನಮ್ಮ ಮನೆಯ ಪಾಯಸದ ಬಟ್ಟಲಿನಷ್ಟೇ ಇದೆ. ಕಪ್ಪು ಅಂದ್ರೂ ಹೊಳೆಯೋ ಕಪ್ಪಲ್ಲ, ಸೌದೆ ಒಲೆ ಮೇಲೆ ವರ್ಷಗಟ್ಟಲೆ ಇದ್ದ ಅಜ್ಜಿಯ ಕಬ್ಬಿಣದ ಬಾಣಲೆ ಇರುತ್ತಲ್ಲ, ಅದರ ಹೊರಮೈ ಥರ, ಒಂದೊಂದು ಕಡೆ ಕಂದು ಇಣುಕುತ್ತೆ. ಬಾಯಿಯ ಅಂಚು ಸ್ವಲ್ಪ ಒಳಕ್ಕೆ ಬಾಗಿದೆ. ಹದಿನೈದು ನಿಮಿಷ ನಿಂತ್ಕೊಂಡೆ. ನಿಜ ಹೇಳ್ಬೇಕಂದ್ರೆ ಏನೂ ಆಗ್ಲಿಲ್ಲ. ಸುಂದರವಾಗಿದೆ ಅನ್ನಿಸ್ತು, ಗಂಭೀರವಾಗಿದೆ ಅನ್ನಿಸ್ತು, ಆದ್ರೆ ಅದು ಬಾಗಿಲು ಹಾಕ್ಕೊಂಡು ಒಳಗೆ ಕೂತಿರೋ ಮನುಷ್ಯರ ಥರ ಇತ್ತು. ಹೊರಗೆ ಬಂದ್ಮೇಲೆ ತಂಗಿ ಕೇಳಿದ್ಲು ಹೇಗಿತ್ತು ಅಂತ, ನಾನು "ಮುಟ್ಬೇಕಿತ್ತು" ಅಂದೆ. ಬಾಯಿಂದ ತಾನಾಗೇ ಬಂದ ಮಾತು ಅದು.

ದಿನ 2, ಕ್ಯೋಟೋಗೆ

ಶಿಂಕಾನ್‌ಸೆನ್ ಬುಲೆಟ್ ಟ್ರೇನಲ್ಲಿ ಎರಡೂಕಾಲು ಗಂಟೆ, ಫುಜಿ ಮೋಡದ ಹಿಂದೆ, ಬೆಂಟೋ ಬಾಕ್ಸು, ಮಧ್ಯಾಹ್ನ ಕ್ಯೋಟೋ. ನವೆಂಬರ್ ಕೊನೆ, ಮೇಪಲ್ ಎಲೆ ಕೆಂಪಾಗೋ ಸೀಸನ್ನು, ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ.

ಸಂಜೆ ಕಾಮೋ ನದಿಗೆ ಹೋದ್ವಿ, ದೆಮಾಚಿಯನಾಗಿ ಹತ್ತಿರ ಎರಡು ಹೊಳೆ ಸೇರೋ ಜಾಗ, ದಾಟೋಕೆ ಅಂತ ನೀರಲ್ಲಿ ಕಲ್ಲು ಇಟ್ಟಿದ್ದಾರೆ, ಆಮೆ ಆಕಾರದ್ದೂ ಇದೆ, ಮಕ್ಕಳು ಒಂದರಿಂದ ಒಂದಕ್ಕೆ ಜಿಗೀತಾ ಇದ್ವು. ನಾನು ಬಂದಿದ್ದು ಬೇರೆ ಕಲ್ಲಿಗೆ. ಕಪ್ಪು ರಾಕುವಿನ ಕಪ್ಪು ಬರೋದೇ ಈ ನದಿಯಿಂದ. ಕಾಮೋ ನದಿಯ ಮೇಲ್ಭಾಗದಲ್ಲಿ ಸಿಗೋ ಒಂದು ಥರದ ಕಪ್ಪು ಕಲ್ಲು, 'ಕಾಮೊಗಾವಾ ಇಶಿ' ಅಂತಾರೆ, ಅದರಲ್ಲಿ ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ. ಅದನ್ನ ಕುಟ್ಟಿ ಪುಡಿ ಮಾಡಿ, ಕರಗೋಕೆ ಬೇಕಾದ್ದು ಸೇರಿಸಿ ಗ್ಲೇಜ್ (ಬೆಂಕಿಯಲ್ಲಿ ಕರಗಿ ಮಡಕೆ ಮೇಲೆ ಗಾಜಿನ ಥರ ಕೂರೋ ಲೇಪ) ಮಾಡ್ತಾರೆ. ನಮ್ಮ ಬಿದ್ರಿ ಕೆಲಸದಲ್ಲೂ ಹೀಗೇ ಅಲ್ವಾ, ಬೀದರ್ ಕೋಟೆಯ ಮಣ್ಣು ಹಚ್ಚಿದ್ರೇನೇ ಆ ಕಪ್ಪು ಕೂರೋದು ಅಂತ ಅಲ್ಲಿನ ಕಲಾವಿದರು ಹೇಳ್ತಾರೆ. ಎರಡೂ ಬೇರೆ ಬೇರೆ ವಿದ್ಯೆ, ಒಂದಕ್ಕೊಂದು ಸಂಬಂಧ ಇಲ್ಲ, ಆದ್ರೆ ಒಂದೂರಿನ ನೆಲನೇ ಆ ಊರಿನ ಕಪ್ಪನ್ನ ಕೊಡುತ್ತೆ ಅನ್ನೋದು ನಂಗೆ ತುಂಬಾ ಹಿಡಿಸ್ತು. ನೀರು ಕಾಲು ಕೊರೆಯೋ ಹಾಗಿತ್ತು, ಆದ್ರೂ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತಿದ್ವಿ.

ದಿನ 3, ಅಬುರನೋಕೋಜಿ ಬೀದಿ

ಇದು ಮುಖ್ಯ ದಿನ, ಹಾಗಾಗಿ ಉದ್ದ ಬರೀತೀನಿ.

ರಾಕು ಮ್ಯೂಸಿಯಂ ಇರೋದು ಊರ ಮಧ್ಯದ ಒಂದು ಸಣ್ಣ ಬೀದಿಯಲ್ಲಿ, ಪಕ್ಕದಲ್ಲೇ ರಾಕು ಮನೆ, ಬಾಗಿಲಿಗೆ ನೋರೆನ್ ಪರದೆ ಇಳಿಬಿಟ್ಟಿದ್ದಾರೆ. ಆ ಮನೆಯಲ್ಲಿ ಈಗಲೂ ಬಟ್ಟಲು ಮಾಡ್ತಾರೆ, ಅಲ್ಲೇ ಸುಡ್ತಾರೆ. ಸಾಮಾನ್ಯವಾಗಿ ಜಪಾನಿನ ಆವಿಗೆಗಳೆಲ್ಲ ಗುಡ್ಡದ ಇಳಿಜಾರಲ್ಲಿ, ಊರಾಚೆ, ಕಾಡಿನ ಸೌದೆ ಸಿಗೋ ಕಡೆ. ಇದು ಮಾತ್ರ ಹಳೇ ರಾಜಧಾನಿಯ ಒಳಗೆ, ಮನೆಯ ಅಂಗಳದಲ್ಲಿ, ಒಂದು ಸಲಕ್ಕೆ ಒಂದೇ ಕಪ್ಪು ಬಟ್ಟಲು ಹಿಡಿಯೋಷ್ಟು ಸಣ್ಣ ಆವಿಗೆ.

ಒಳಗೆ ಹೋದ ತಕ್ಷಣ ಕಣ್ಣಿಗೆ ಬಿದ್ದಿದ್ದು ಒಂದು ಸಿಂಹ. ಬಾಲ ಮೇಲೆತ್ತಿ, ಹಿಂಗಾಲು ನೆಗೆದು, ಬಾಯಿ ತೆರೆದು ಗರ್ಜಿಸ್ತಾ ಇರೋ ಮಣ್ಣಿನ ಸಿಂಹ. ಹೊಟ್ಟೆಯ ಮೇಲೆ ಕೆತ್ತಿದ ಬರಹ ಇದೆ, 1574ರ ವಸಂತದಲ್ಲಿ ಚೋಜಿರೋ ಮಾಡಿದ್ದು ಅಂತ. ಚೋಜಿರೋನ ಕೈಯಿಂದ ಬಂದು ಇಸವಿ ಇರೋ ವಸ್ತು ಅಂದ್ರೆ ಇದು. ಇವನ ಅಪ್ಪ ಆಮೇಯಾ ಚೀನಾದಿಂದ ಬಂದವನು, ಮೂರು ಬಣ್ಣದ ಗ್ಲೇಜಿನ ವಿದ್ಯೆ ಗೊತ್ತಿದ್ದವನು. ಅಂದ್ರೆ ಮಗನಿಗೂ ಬಣ್ಣ ಗೊತ್ತಿತ್ತು, ಅಬ್ಬರ ಗೊತ್ತಿತ್ತು, ಕೆತ್ತನೆ ಗೊತ್ತಿತ್ತು. ಅಂಥ ಕೈ ಆಮೇಲೆ ಮಾಡಿದ್ದು ಆ ಮೂಕ ಕಪ್ಪು ಬಟ್ಟಲು. ಬೇರೇನೂ ಬರದೆ ಸರಳವಾಗಿ ಮಾಡಿದ್ದಲ್ಲ, ಎಲ್ಲ ಬರ್ತಿದ್ದೂ ಒಂದೊಂದಾಗಿ ತೆಗೆದು ಹಾಕಿದ್ದು. ಸಿಂಹ ನೋಡದೇ ಇದ್ರೆ ನಂಗೆ ಇದು ಅರ್ಥ ಆಗ್ತಾನೇ ಇರ್ಲಿಲ್ಲ.

ತೆಗೆಸಿದವನು ರಿಕ್ಯೂ. ಸಕಾಯಿ ಬಂದರಿನ ವ್ಯಾಪಾರಿ ಮನೆತನದವನು, 1522ರಲ್ಲಿ ಹುಟ್ಟಿದ್ದು, ಜಪಾನನ್ನ ಒಂದು ಮಾಡಿದ ಹಿದೆಯೋಶಿಗೆ ಟೀ ಗುರು. ಅಲ್ಲೀವರೆಗೂ ದೊಡ್ಡೋರ ಮನೆಯ ಟೀ ಅಂದ್ರೆ ಚೀನಾದ ತೆಮ್ಮೊಕು ಬಟ್ಟಲು, ತಿಗರಿ ಮೇಲೆ ಎತ್ತಿದ ತೆಳು ಗೋಡೆ, ಕನ್ನಡಿ ಥರ ಹೊಳೆಯೋ ಗ್ಲೇಜು, ಆಮೇಲೆ ಕೊರಿಯಾದ ಬಟ್ಟಲು. ರಿಕ್ಯೂ ತನ್ನ ಸಣ್ಣ ಕೋಣೆಗೆ ತಕ್ಕ ಬಟ್ಟಲು ಬೇಕು ಅಂತ ಚೋಜಿರೋ ಹತ್ರ ಹೊಸದಾಗಿ ಮಾಡಿಸಿದ. 1586ರ ಒಂದು ಟೀ ಕೂಟದ ದಾಖಲೆಯಲ್ಲಿ 'ಸೋಯೆಕಿ ಆಕಾರದ ಬಟ್ಟಲು' ಅಂತ ಬರುತ್ತೆ, ಸೋಯೆಕಿ ಅಂದ್ರೆ ರಿಕ್ಯೂನ ಇನ್ನೊಂದು ಹೆಸರು. ಆಗ ಜನ ಇದನ್ನ ಕರೀತಿದ್ದಿದ್ದು 'ಇಮಾಯಾಕಿ' ಅಂತ, ಅಂದ್ರೆ ಈಗಿನದ್ದು, ಈಗ ಸುಟ್ಟಿದ್ದು. ನಾವು ನಾನೂರು ವರ್ಷದ ಹಳೇದು ಅಂತ ಕೈ ಮುಗೀತೀವಿ, ಅವತ್ತಿಗೆ ಅದು ಅಪ್ಪಟ ಹೊಸ ವಸ್ತು. ಆಮೇಲೆ ಹಿದೆಯೋಶಿ ಇದೇ ಬಡಾವಣೆಯಲ್ಲಿ ಕಟ್ಟಿದ ಜುರಾಕುದಾಯಿ ಅರಮನೆಯ ಹೆಸರಿಂದ ಜುರಾಕು ಯಾಕಿ ಆಯ್ತು, ಅದೇ ಚಿಕ್ಕದಾಗಿ ರಾಕು ಆಯ್ತು, ಕೊನೆಗೆ ಮನೆತನದ ಹೆಸರೇ ಆಯ್ತು.

ಹೇಗೆ ಮಾಡ್ತಾರೆ ಅನ್ನೋದು ಪಾಟರಿ ಕಲಿಯೋರಿಗೆ ಮುಖ್ಯ, ಹಾಗಾಗಿ ಅಲ್ಲಿ ನೋಡಿದ್ದು ಓದಿದ್ದು ಸೇರಿಸಿ ಬರೀತೀನಿ. ತಿಗರಿ ಇಲ್ಲವೇ ಇಲ್ಲ. ಮಣ್ಣನ್ನ ರೊಟ್ಟಿ ಥರ ದುಂಡಗೆ ತಟ್ಟಿ, ಅದರ ಅಂಚನ್ನ ಎರಡೂ ಅಂಗೈಯಲ್ಲಿ ಒತ್ತುತ್ತಾ ಒತ್ತುತ್ತಾ ನಿಧಾನಕ್ಕೆ ಮೇಲಕ್ಕೆ ಎಬ್ಬಿಸ್ತಾರೆ. ಇದಕ್ಕೆ 'ತೆಜುಕುನೆ' ಅಂತ ಹೆಸರು. ಅಂದ್ರೆ ಬಟ್ಟಲಿಗೆ ಅಚ್ಚು ಯಾವುದು? ಬೊಗಸೆ. ಮಾಡೋನ ಬೊಗಸೆ. ನಾವು ನೀರು ಕುಡಿಯೋಕೆ ಕೈ ಜೋಡಿಸ್ತೀವಲ್ಲ ಅದೇ ಆಕಾರ ಮಣ್ಣಲ್ಲಿ ಉಳ್ಕೊಳ್ಳುತ್ತೆ. ಸ್ವಲ್ಪ ಗಟ್ಟಿ ಆದ್ಮೇಲೆ ಚಿಕ್ಕ ಸಲಾಕೆ ತಗೊಂಡು ಒಳಗೂ ಹೊರಗೂ ಕೆತ್ತಿ ಕೆತ್ತಿ ದಪ್ಪ ಇಳಿಸ್ತಾರೆ, ಆ ಕೆತ್ತನೆಯಲ್ಲೇ ಬಟ್ಟಲಿನ ಸ್ವಭಾವ ನಿರ್ಧಾರ ಆಗೋದು. ತಿಗರಿಯಲ್ಲಿ ಮಾಡಿದ್ದು ಸುತ್ತಲೂ ಒಂದೇ ಸಮ ಇರುತ್ತೆ, ಇದು ಒಂದೊಂದು ಕಡೆಯಿಂದ ಒಂದೊಂದು ಥರ.

ಆಮೇಲೆ ಕಾಮೋ ಕಲ್ಲಿನ ಗ್ಲೇಜನ್ನ ಬ್ರಶ್ಶಲ್ಲಿ ಹಚ್ಚೋದು, ಒಣಗಿಸೋದು, ಮತ್ತೆ ಹಚ್ಚೋದು, ಹೀಗೆ ಸುಮಾರು ಹತ್ತು ಸಲ. ಆಮೇಲೆ ಬೆಂಕಿ. ಇದ್ದಿಲಿನ ಮಧ್ಯೆ ಒಂದು ಮಣ್ಣಿನ ಪೆಟ್ಟಿಗೆ, ಅದರೊಳಗೆ ಒಂದೇ ಒಂದು ಬಟ್ಟಲು, ಪಕ್ಕದಲ್ಲಿ ತಿದಿ, ಥೇಟ್ ನಮ್ಮ ಕಮ್ಮಾರರ ಕುಲುಮೆ ಕೆಲಸ. ತಿದಿ ಒತ್ತಿ ಒತ್ತಿ ಬಿಸಿ ಸುಮಾರು 1200 ಡಿಗ್ರಿ ತನಕ ಏರಿಸ್ತಾರೆ (ಕೆಂಪು ರಾಕುಗೆ ಅಷ್ಟು ಬೇಡ, ಕಡಿಮೆ ಬಿಸಿ ಸಾಕು). ಗ್ಲೇಜ್ ಗುಳ್ಳೆ ಎದ್ದು, ಕರಗಿ, ನೀರಾಗಿ ಹರಡೋ ಹೊತ್ತು ನೋಡಿ ಉದ್ದ ಇಕ್ಕಳದಲ್ಲಿ ಹಿಡಿದು ಆ ನಿಗಿನಿಗಿ ಬಟ್ಟಲನ್ನ ಹೊರಗೆ ಎಳೀತಾರೆ. ಗಾಳಿಗೆ ಬಂದ ತಕ್ಷಣ ಒಮ್ಮೆಲೇ ತಣ್ಣಗಾಗುತ್ತಲ್ಲ, ಆವಾಗ ಕಪ್ಪು ಹಿಡಿಯುತ್ತೆ. ಅದೇ ಬಟ್ಟಲು ಆವಿಗೆಯಲ್ಲೇ ಕೂತು ನಿಧಾನಕ್ಕೆ ಆರಿದ್ರೆ ಆ ಗಾಢ ಕಪ್ಪು ಬರಲ್ಲ, ಕಂದು ಕಡೆ ತಿರುಗುತ್ತೆ. ಅಂದ್ರೆ ಈ ಕಪ್ಪು ಬಳಿದ ಬಣ್ಣ ಅಲ್ಲ, ಬೆಂಕಿಯಿಂದ ಗಾಳಿಗೆ ಬಂದ ಆ ಒಂದು ಕ್ಷಣ. ಎಷ್ಟೋ ಕಪ್ಪು ಬಟ್ಟಲುಗಳ ಪಕ್ಕದಲ್ಲಿ ಇಕ್ಕಳ ಕಚ್ಚಿದ ಗುರುತು ಹಾಗೇ ಇದೆ, ಅದನ್ನ ಯಾರೂ ಮುಚ್ಚೋಕೆ ಹೋಗಿಲ್ಲ, ಟೀ ಜನ ಅದನ್ನ ಹುಡುಕಿ ನೋಡ್ತಾರೆ.

ಇಷ್ಟು ಬೇಗ ಬಿಸಿ, ಇಷ್ಟು ಬೇಗ ತಂಪು, ಸಾಮಾನ್ಯ ಮಣ್ಣಾಗಿದ್ರೆ ಚಟ್ ಅಂತ ಒಡೆದು ಹೋಗ್ತಿತ್ತು. ಅದಕ್ಕೆ ಮಣ್ಣು ಒರಟಾಗಿ, ಒಳಗೆ ಸಣ್ಣ ಸಣ್ಣ ರಂಧ್ರ ಇರೋ ಹಾಗೆ ಇರುತ್ತೆ. ಅದೇ ಕಾರಣಕ್ಕೆ ಒಳಗೆ ಬಿಸಿ ಟೀ ಇದ್ರೂ ಕೈ ಸುಡಲ್ಲ, ಶಾಖ ನಿಧಾನಕ್ಕೆ ಬರುತ್ತೆ. ಆ ಮಣ್ಣನ್ನೂ ಇವತ್ತು ತಂದು ಇವತ್ತು ಬಳಸಲ್ಲ, ಒಂದು ತಲೆಮಾರು ಅಗೆದು ಇಟ್ಟಿದ್ದನ್ನ ಮೊಮ್ಮಗನೋ ಮರಿಮಗನೋ ಬಳಸ್ತಾನೆ. ತಾನು ಬಳಸದೇ ಇರೋ ಮಣ್ಣಿಗೋಸ್ಕರ ಒಬ್ಬ ಮನುಷ್ಯ ಗುದ್ದಲಿ ಹಿಡಿಯೋದು!

ಮಣ್ಣು ಕೊಡ್ತಾರೆ, ಆದ್ರೆ ಗ್ಲೇಜಿನ ಲೆಕ್ಕ ಹೇಳಿಕೊಡಲ್ಲ. ಒಬ್ಬ ವಾರಸುದಾರನಿಗೆ ಮಾತ್ರ ಮನೆ ಸಿಗುತ್ತೆ, ಸೂತ್ರ ಅವನೇ ಹುಡುಕ್ಕೋಬೇಕು. ಹದಿನಾಲ್ಕನೇ ತಲೆಮಾರಿನ ಕಾಕುನ್ಯೂ ಕಥೆ ಓದಿ ನಂಗೆ ಗಂಟಲು ಕಟ್ಟಿತು. ಯುದ್ಧಕ್ಕೆ ಹೋಗಿದ್ರು, ಅವರು ಅಲ್ಲಿದ್ದಾಗ 1944ರಲ್ಲಿ ಅಪ್ಪ ಸೇನ್ಯೂ ತೀರಿಕೊಂಡ್ರು. ಯುದ್ಧ ಮುಗಿದು ಮನೆಗೆ ಬಂದ್ರೆ ಒಲೆ ತಣ್ಣಗಿದೆ, ಕೇಳೋಕೆ ಯಾರೂ ಇಲ್ಲ. ಹಳೇ ಬಟ್ಟಲುಗಳನ್ನ ಮುಂದೆ ಇಟ್ಕೊಂಡು ಅವುಗಳಿಂದಲೇ ಕಲಿತ್ರು. ಈ ಮ್ಯೂಸಿಯಂ ಮಾಡಿದ್ದೂ ಅವರೇ, 1978ರಲ್ಲಿ, ಮನೆಯಲ್ಲಿದ್ದ ತಲೆಮಾರುಗಳ ಬಟ್ಟಲನ್ನೆಲ್ಲ ಇದಕ್ಕೆ ಕೊಟ್ಟು. ತೀರಿಕೊಂಡಿದ್ದು 1980ರಲ್ಲಿ. ಆಮೇಲೆ ಮಗ ಹದಿನೈದನೆಯವರು, 2019ರಿಂದ ಮೊಮ್ಮಗ ಹದಿನಾರನೆಯವರು ಕಿಚಿಜಾಯೆಮೋನ್ ಅನ್ನೋ ಹೆಸರು ಹೊತ್ತಿದ್ದಾರೆ.

ಸಾಲಾಗಿ ಇಟ್ಟಿದ್ದನ್ನ ನೋಡ್ತಾ ಹೋದ್ರೆ ಯಾರೂ ಹಿಂದಿನವನ ನಕಲು ಮಾಡಿಲ್ಲ ಅನ್ನೋದು ಗೊತ್ತಾಗುತ್ತೆ. ಚೋಜಿರೋನದ್ದು ಹೊಳಪೇ ಇಲ್ಲದ ಕಪ್ಪು, ಅದೇ ಮೂರನೇ ತಲೆಮಾರಿನ ದೋನ್ಯೂನದ್ದು ನೀರಲ್ಲಿ ಅದ್ದಿ ತೆಗೆದ ಹಾಗೆ ಫಳಫಳ, ಗೋಡೆ ತೆಳು, ಗ್ಲೇಜು ಮೇಲಿಂದ ಪರದೆ ಥರ ಇಳಿದು ಬಂದು ನಿಂತಿದೆ. ದೋನ್ಯೂ ನಂಗೆ ತುಂಬಾ ಇಷ್ಟ ಆದ, ಆದ್ರೆ ಕಾಲು ವಾಪಸ್ ಹೋಗಿದ್ದು ಚೋಜಿರೋನ 'ಒಮೊಕಾಗೆ' ಹತ್ರನೇ. ಒಮೊಕಾಗೆ ಅಂದ್ರೆ ಎದುರಿಗಿಲ್ಲದವರ ಮುಖ ಮನಸ್ಸಲ್ಲಿ ಉಳಿದಿರುತ್ತಲ್ಲ, ಅದು.

ಮಧ್ಯಾಹ್ನ ಇದ್ದಿದ್ದು ಮುಟ್ಟಿ ನೋಡೋ ಕಾರ್ಯಕ್ರಮ. ಈ ಮ್ಯೂಸಿಯಂನವರು ಕೆಲವು ದಿನ ಮುಂಚೆ ಬುಕ್ ಮಾಡಿದೋರಿಗೆ ರಾಕು ಬಟ್ಟಲು ಕೈಗೆ ಕೊಡ್ತಾರೆ. ಉಂಗುರ, ವಾಚು, ಬಳೆ, ಸರ ಎಲ್ಲ ತೆಗೆದಿಟ್ಟು, ಕೈ ತೊಳೆದು, ತಾತಾಮಿ ಚಾಪೆ ಮೇಲೆ ಸಾಲಾಗಿ ಕೂತ್ವಿ. ನಿಯಮ ಒಂದೇ, ಮೊಣಕೈ ತೊಡೆಗೆ ತಾಗಿಸಿ, ಬಟ್ಟಲನ್ನ ನೆಲದ ಹತ್ತಿರವೇ ಹಿಡಿಯೋದು, ಎತ್ತರಕ್ಕೆ ಎತ್ತೋ ಹಾಗಿಲ್ಲ.

ನನ್ನ ಸರದಿಗೆ ಬಂದಿದ್ದು ಆ ಮನೆಯ ಹಳೇ ತಲೆಮಾರೊಂದರ ಕಪ್ಪು ಬಟ್ಟಲು. ಕೈಗೆ ತಗೊಂಡೆ. ಮೊದಲು ಆಶ್ಚರ್ಯ ಆಗಿದ್ದು ಭಾರ, ಅಂದ್ರೆ ಭಾರ ಇಲ್ಲದೇ ಇರೋದು. ಕಣ್ಣಿಗೆ ಕಲ್ಲಿನ ಥರ ಕಾಣೋದು ಕೈಗೆ ಹಗುರ. ಎರಡನೇದು, ತಣ್ಣಗಿರ್ಲಿಲ್ಲ. ಪಿಂಗಾಣಿ ಮುಟ್ಟಿದ್ರೆ ಚುರ್ ಅಂತ ತಂಪು ತಾಗುತ್ತಲ್ಲ, ಇದು ಹಾಗಲ್ಲ, ಯಾರೋ ಆಗ ತಾನೇ ಕೆಳಗಿಟ್ಟು ಹೋದ ಹಾಗೆ. ಮೈ ನಯ ಅಲ್ಲ, ಒರಟೂ ಅಲ್ಲ, ಸೀಬೆಹಣ್ಣಿನ ಸಿಪ್ಪೆ ಥರ ಏನೋ. ಆಮೇಲೆ ಬೆರಳು ತಾವಾಗೇ ಜಾಗ ಹುಡುಕ್ಕೊಂಡ್ವು. ಒಂದು ಕಡೆ ಸಣ್ಣ ತಗ್ಗಿತ್ತು, ಕಣ್ಣಿಗೆ ಕಾಣದಷ್ಟು, ಹೆಬ್ಬೆರಳು ಸೀದಾ ಅಲ್ಲಿ ಹೋಗಿ ಕೂತ್ಕೊಂಡ್ತು. ಎಷ್ಟೋ ವರ್ಷದ ಹಿಂದೆ ಇನ್ನೊಬ್ಬರ ಬೊಗಸೆ ಇದ್ದ ಜಾಗದಲ್ಲಿ ನನ್ನ ಬೊಗಸೆ. ಟೋಕಿಯೋದಲ್ಲಿ ಗಾಜಿನಾಚೆ ಬಾಗಿಲು ಹಾಕ್ಕೊಂಡು ಕೂತಿತ್ತು ಅಂದ್ನಲ್ಲ, ಇದಕ್ಕೆ ಬಾಗಿಲು ಇದ್ದಿದ್ದೇ ಈ ಕಡೆ. ಕಣ್ಣು ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ ಅನ್ನಿಸಿ ಒಂದು ಕ್ಷಣ ಕಣ್ಣು ಮುಚ್ಚಿದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೂ ತಮ್ಮ ಸರದಿಯಲ್ಲಿ ಹಾಗೇ ಮಾಡಿದ್ರು, ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆ ಬಗ್ಗಿಸಿದ್ವಿ.

ಸಂಜೆ ಸುಮ್ನೆ ಆ ಏರಿಯಾದಲ್ಲಿ ನಡೆದ್ವಿ. ಹೊರಿಕಾವಾ ದೊಡ್ಡ ರಸ್ತೆ ಹತ್ರ ಇಚಿಜೋ ಮೊದೋರಿಬಾಶಿ ಅಂತ ಒಂದು ಚಿಕ್ಕ ಸೇತುವೆ. 1591ರಲ್ಲಿ ಹಿದೆಯೋಶಿ ರಿಕ್ಯೂಗೆ ಹೊಟ್ಟೆ ಸೀಳ್ಕೊಂಡು ಸಾಯೋ ಅಪ್ಪಣೆ ಕೊಟ್ಟ, ರಿಕ್ಯೂನ ಮರದ ಮೂರ್ತಿಯನ್ನ ಈ ಸೇತುವೆ ಹತ್ರ ಕಟ್ಟಿ ನಿಲ್ಲಿಸಿ, ಆಮೇಲೆ ಅವನ ತಲೆಯನ್ನೂ ಇಲ್ಲೇ ಜನ ನೋಡೋ ಹಾಗೆ ಇಟ್ಟಿದ್ರು. ಹತ್ತಿರದಲ್ಲೇ ಸೇಮೇಯಿ ದೇವಸ್ಥಾನ, ಅದರ ಜಾಗದಲ್ಲಿ ರಿಕ್ಯೂನ ಮನೆ ಇತ್ತು ಅಂತ ಕಲ್ಲು ನೆಟ್ಟಿದ್ದಾರೆ. ಇನ್ನೊಂದು ಸ್ವಲ್ಪ ದೂರ ನಡೆದ್ರೆ ಜುರಾಕುದಾಯಿ ಅರಮನೆ ಇದ್ದ ಜಾಗ, ಈಗ ಮನೆಗಳು, ಒಂದು ಕಲ್ಲು ಅಷ್ಟೇ. 1587ರಲ್ಲಿ ಮುಗಿದ ಅರಮನೆನ 1595ರಲ್ಲಿ ಹಿದೆಯೋಶಿನೇ ಕೆಡವಿಸಿದ. ಗುರು, ಅರಸ, ಕುಂಬಾರ ಎಲ್ಲ ಕಾಲ್ನಡಿಗೆ ದೂರದಲ್ಲಿ ಇದ್ದೋರು. ಅರಮನೆ ಎಂಟು ವರ್ಷ ನಿಂತಿತ್ತು, ಮಣ್ಣಿನ ಬಟ್ಟಲುಗಳು ಇವತ್ತಿಗೂ ಇವೆ.

ದಿನ 4, ಯಾಮಾಝಾಕಿ

ಕ್ಯೋಟೋದಿಂದ ಲೋಕಲ್ ಟ್ರೇನಲ್ಲಿ ಹದಿನೈದು ನಿಮಿಷ. ಸ್ಟೇಷನ್ನಿಂದ ಹೊರಗೆ ಬಂದ್ರೆ ಎದುರಿಗೇ ಮ್ಯೋಕಿಯಾನ್ ಅನ್ನೋ ಪುಟ್ಟ ಮಠ, ಅದರೊಳಗೆ ತಾಯಿಯಾನ್, ರಿಕ್ಯೂ ಕಟ್ಟಿಸಿದ್ದು ಅಂತ ನಂಬೋ ಟೀ ಕೋಣೆಗಳಲ್ಲಿ ಉಳಿದಿರೋದು, ರಾಷ್ಟ್ರೀಯ ನಿಧಿ. ಹೀಗೆ ಹೋಗಿ ಹಾಗೆ ನೋಡೋಕೆ ಆಗಲ್ಲ, ಮುಂಚೆನೇ ರಿಪ್ಲೈ ಪೋಸ್ಟ್‌ಕಾರ್ಡಲ್ಲಿ ಬರೆದು ಕೇಳ್ಕೋಬೇಕು, ತಂಗಿ ತಿಂಗಳ ಮೇಲೇ ಬರೆದು ಒಪ್ಪಿಗೆ ತರಿಸಿದ್ಲು. ಫೋಟೋ ಇಲ್ಲ, ಒಳಗೆ ಹೋಗೋ ಹಾಗೂ ಇಲ್ಲ, ಬಾಗಿಲಲ್ಲಿ ಬಗ್ಗಿ ನೋಡೋದು.

ಆ ಬಾಗಿಲು ಅಂದ್ರೆ ಎಂಬತ್ತು ಸೆಂಟಿಮೀಟರ್ ಕೂಡ ಇಲ್ಲ, ಬಗ್ಗಿ ತೆವಳಿಕೊಂಡೇ ಹೋಗ್ಬೇಕು, ಸೇನಾಪತಿ ಆದ್ರೂ ಅಷ್ಟೇ. ಒಳಗೆ ಎರಡೇ ಎರಡು ತಾತಾಮಿ, ಅಂದ್ರೆ ನಮ್ಮ ಆರಡಿ ಆರಡಿ. ಗೋಡೆ ಮಣ್ಣಿಂದು, ಹುಲ್ಲಿನ ಎಳೆ ಎಳೆ ಕಾಣುತ್ತೆ, ಕಾಲದಿಂದ ಕಪ್ಪಾಗಿದೆ. ಮೂಲೆಯಲ್ಲಿ ಒಲೆಯ ಕುಳಿ. ಕಿಟಕಿಗೆ ಕಾಗದ, ಅದರಿಂದ ಬರೋ ಬೆಳಕು ನೆಲ ಮುಟ್ಟೋ ಹೊತ್ತಿಗೆ ಸಾಕಾಗಿ ಹೋಗಿರುತ್ತೆ. ಹಿಂದಿನ ಗೂಡಿನ ಮೂಲೆಗಳನ್ನೂ ಮಣ್ಣು ಮೆತ್ತಿ ದುಂಡಗೆ ಮಾಡಿದ್ದಾರೆ, ಹಾಗಾಗಿ ಕೋಣೆ ಎಲ್ಲಿ ಮುಗಿಯುತ್ತೆ ಅಂತ ಕಣ್ಣಿಗೆ ಹೊಳೆಯಲ್ಲ.

ಬಾಗಿಲ ಹತ್ರ ಮಂಡಿಯೂರಿ ನೋಡ್ತಾ ಅಲ್ಲಿ ಆ ಬಟ್ಟಲನ್ನ ಇಟ್ಟು ನೋಡಿದೆ ಮನಸ್ಸಲ್ಲೇ. ಈ ಕತ್ತಲಲ್ಲಿ ಕಪ್ಪು ಬಟ್ಟಲು ಇಟ್ರೆ ಬಟ್ಟಲೇ ಕಾಣಲ್ಲ! ಅಂಚು ಮಾಯ, ಆಕಾರ ಮಾಯ. ಕಾಣೋದು ಒಂದೇ, ಒಳಗಿರೋ ಮಾಚಾದ (ಹಸಿರು ಟೀ ಪುಡಿ ಕಲಸಿದ್ದು) ಹಸಿರು, ಕತ್ತಲಲ್ಲಿ ತೇಲ್ತಾ ಇರೋ ದುಂಡನೆ ಹಸಿರು. ಬಟ್ಟಲು ಎಲ್ಲಿದೆ ಅನ್ನೋದನ್ನ ಕೈ ಹೇಳ್ಬೇಕು. ಅದಕ್ಕೇ ಬೊಗಸೆಯಲ್ಲಿ ಮಾಡಿಸಿದ್ದು, ಅದಕ್ಕೇ ಹೊಳಪು ತೆಗೆಸಿದ್ದು, ಹೊಳೆದಿದ್ರೆ ಕಿಟಕಿಯ ಬೆಳಕು ಅದರ ಮೇಲೆ ಕೂತು ಕಣ್ಣು ಅತ್ತ ಹೋಗ್ತಿತ್ತು. ಮ್ಯೂಸಿಯಂನ ಸ್ಪಾಟ್‌ಲೈಟ್ ಕೆಳಗೆ ನಾನು ಹುಡುಕಿದ್ದು ಏನನ್ನ ಅಂತ ಆಗ ಅರ್ಥ ಆಯ್ತು, ಕತ್ತಲಿಗೆ ಅಂತ ಮಾಡಿದ್ದನ್ನ ಬೆಳಕಲ್ಲಿ ಇಟ್ಟು ನೋಡ್ತಾ ಇದ್ದೆ.

ಹಿದೆಯೋಶಿಗೆ ಕಪ್ಪು ಹಿಡಿಸ್ತಿರ್ಲಿಲ್ಲ. ಅವನು 1586ರಲ್ಲಿ ಇಡೀ ಟೀ ಕೋಣೆಯನ್ನೇ ಚಿನ್ನದಲ್ಲಿ ಮಾಡಿಸಿ, ಬಿಚ್ಚಿ ಜೋಡಿಸೋ ಥರದ್ದು, ಚಕ್ರವರ್ತಿಯ ಅರಮನೆಗೆ ತಗೊಂಡು ಹೋಗಿ ಟೀ ಕೊಟ್ಟವನು. ಹಾಕಾತಾದ ವ್ಯಾಪಾರಿ ಕಾಮಿಯಾ ಸೋತಾನ್ ಡೈರಿಯಲ್ಲಿ 1590ರ ಒಂದು ಟೀ ಕೂಟದ ವಿವರ ಇದೆ. ರಿಕ್ಯೂ ಕಪ್ಪು ಬಟ್ಟಲಲ್ಲಿ ಟೀ ಮಾಡಿ, ಆಮೇಲೆ ಅದನ್ನ ತೆಗೆದು ಸೇತೋ ಅನ್ನೋ ಊರಿನ ಬಟ್ಟಲು ಇಡ್ತಾನೆ, ದೊರೆಗೆ ಕಪ್ಪಲ್ಲಿ ಟೀ ಮಾಡೋದು ಇಷ್ಟ ಇಲ್ಲ ಅಂತ ಹೇಳಿ. ಅದೂ ಜುರಾಕುವಿನಲ್ಲೇ, ದೊರೆಯ ಬಾಗಿಲಲ್ಲೇ. ಮುಂದಿನ ವರ್ಷ ರಿಕ್ಯೂ ಇಲ್ಲ. ಸಾವಿಗೆ ಕಪ್ಪು ಬಟ್ಟಲೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಇಷ್ಟ ಇಲ್ಲ ಅಂತ ಗೊತ್ತಿದ್ದೂ ಮೊದಲು ಕಪ್ಪನ್ನೇ ಹೊರಗೆ ತೆಗೆದ ಆ ಎಪ್ಪತ್ತರ ಹತ್ತಿರದ ಮುದುಕನ ಕೈ ಟ್ರೇನಲ್ಲಿ ವಾಪಸ್ ಬರೋವಾಗ ಪೂರ್ತಿ ಕಣ್ಣ ಮುಂದೆನೇ ಇತ್ತು.

ದಿನ 5, ಉತ್ತರ ಕ್ಯೋಟೋ

ಬೆಳಿಗ್ಗೆಯಿಂದ ಬಂದು ನಿಂತು ಬಂದು ನಿಂತು ಮಾಡೋ ಮಳೆ. ಈ ಕಾಲದ ಇಂಥ ಮಳೆಗೆ 'ಶಿಗುರೆ' ಅಂತಾರೆ, ಹೋನಾಮಿ ಕೋಯೆತ್ಸು ಮಾಡಿದ ಒಂದು ಕಪ್ಪು ಬಟ್ಟಲಿಗೂ ಅದೇ ಹೆಸರು, ಇನ್ನೊಂದರ ಹೆಸರು 'ಅಮಾಗುಮೋ', ಮಳೆಮೋಡ.

ದಾಯ್ತೋಕುಜಿ ಮಠದ ಕೆಂಪು ಹೆಬ್ಬಾಗಿಲನ್ನ ಹೊರಗಿಂದ ನೋಡಿದ್ವಿ. ರಿಕ್ಯೂನ ದುಡ್ಡಲ್ಲಿ 1589ರಲ್ಲಿ ಇದರ ಮೇಲಿನ ಅಂತಸ್ತು ಎದ್ದಿದ್ದು, ಕೃತಜ್ಞತೆಗೆ ಮಠದವರು ಮೇಲೆ ಅವನ ಮೂರ್ತಿ ಇಟ್ರು, ಆ ಮೂರ್ತಿಯ ಕಾಲ ಕೆಳಗೆ ನಾನು ನಡೀಬೇಕಾ ಅಂತ ಹಿದೆಯೋಶಿ ಕೆಂಡ ಆಗಿದ್ದು. ಸೇತುವೆ ಹತ್ರ ಕಟ್ಟಿದ್ದು ಅದೇ ಮೂರ್ತಿ.

ಅಲ್ಲಿಂದ ಬಸ್ಸಲ್ಲಿ ತಕಾಗಾಮಿನೆ. 1615ರಲ್ಲಿ ತೋಕುಗಾವಾ ಇಯೆಯಾಸು ಕೋಯೆತ್ಸುಗೆ ಕೊಟ್ಟ ಜಾಗ ಇದು. ಕೋಯೆತ್ಸು ಕತ್ತಿ ಪರೀಕ್ಷೆ ಮಾಡೋ ಮನೆತನದವನು, ಅಕ್ಷರ ಬರೆಯೋನು, ಬಟ್ಟಲು ಮಾಡಿದ್ದು ತನ್ನ ಖುಷಿಗೆ. ಅವನು ರಾಕು ಮನೆಗೆ ಬರೆದ ಒಂದು ಚೀಟಿ ಉಳಿದಿದೆ, ನಾಲ್ಕು ಬಟ್ಟಲಿಗೆ ಆಗೋಷ್ಟು ಬಿಳಿ ಮಣ್ಣು ಕೆಂಪು ಮಣ್ಣು ತಗೊಂಡು ಬೇಗ ಬಾ ಅಂತ. ಆ 'ಬೇಗ ಬಾ' ಓದಿ ನಂಗೆ ಅವನು ಪಕ್ಕದ ಮನೆಯವನ ಥರ ಅನ್ನಿಸ್ತು, ಭಾನುವಾರ ಬೆಳಿಗ್ಗೆ ಕ್ಲಾಸಿಗೆ ಓಡೋ ನನ್ನ ಅವಸರನೇ ಅದು. ಜಪಾನಿನಲ್ಲಿ ಮಾಡಿದ ಟೀ ಬಟ್ಟಲುಗಳಲ್ಲಿ ರಾಷ್ಟ್ರೀಯ ನಿಧಿ ಅಂತ ಆಗಿರೋದು ಎರಡೇ, ಅದರಲ್ಲಿ ಒಂದು ಇವನ 'ಫುಜಿಸಾನ್', ಸುವಾ ಊರಿನ ಮ್ಯೂಸಿಯಂನಲ್ಲಿದೆ, ಅದು ಮುಂದಿನ ಸಲಕ್ಕೆ. ಅಲ್ಲಿನ ಕೋಯೆತ್ಸುಜಿ ಮಠದಲ್ಲಿ ಬಿದಿರಿನ ಬಾಗಿದ ಬೇಲಿ, ಕೆಂಪೆಲೆ, ತುಂಬಾ ಜನ. ಬೇಗ ಹೊರಟ್ವಿ.

ಇಳಿದು ಬರೋ ದಾರಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಕಾಕಿ (ಪರ್ಸಿಮನ್) ಹಣ್ಣಿನ ಮರ, ಎಲೆ ಪೂರ್ತಿ ಉದುರಿದೆ, ತುದಿಯಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಹಣ್ಣು. ಮುಂದಿನ ವರ್ಷವೂ ಫಲ ಬರ್ಲಿ ಅಂತ ಒಂದನ್ನ ಮರಕ್ಕೇ ಬಿಡ್ತಾರೆ, ಅದಕ್ಕೆ ಕಿಮಾಮೋರಿ ಅಂತ ಹೆಸರು, ಮರ ಕಾಯೋದು. ಚೋಜಿರೋನ ಒಂದು ಕೆಂಪು ಬಟ್ಟಲಿಗೆ ಈ ಹೆಸರಿತ್ತು. ಶಿಷ್ಯರಿಗೆ ಬೇಕಾದ್ದು ಆರಿಸ್ಕೊಳ್ಳಿ ಅಂದಾಗ ಎಲ್ರೂ ಬಿಟ್ಟು ಹೋಗಿ ಉಳಿದಿದ್ದು ಅದೊಂದೇ, ಅದಕ್ಕೆ ರಿಕ್ಯೂ ಇಟ್ಟ ಹೆಸರು ಅಂತ ಕಥೆ. 1923ರ ಕಾಂಟೋ ಭೂಕಂಪದಲ್ಲಿ ಅದು ಚೂರಾಯ್ತು, ಉಳಿದ ಚೂರನ್ನ ಇಟ್ಕೊಂಡು ರಾಕು ಮನೆಯವರು ಮತ್ತೆ ಕಟ್ಟಿದ್ರು.

ಮಳೆ ಜೋರಾಯ್ತು, ರಸ್ತೆ ಪಕ್ಕದ ಒಂದು ಚಿಕ್ಕ ಟೀ ಮನೆಗೆ ನುಗ್ಗಿದ್ವಿ. ನಾವಿಬ್ಬರೇ. ಮಧ್ಯಾಹ್ನ ಮೂರೂವರೆಗೇ ಕತ್ತಲು, ಯಜಮಾನಿ ಲೈಟ್ ಹಾಕೋಕೆ ಹೋದ್ರು, ತಂಗಿ ಬೇಡ ಅಂತ ಕೇಳ್ಕೊಂಡ್ಲು. ಅವರು ನಕ್ಕು ಹಾಗೇ ಬಿಟ್ರು. ಒಂದು ಸಿಹಿ ತಿಂದ್ವಿ, ಆಮೇಲೆ ಟೀ ಬಂತು, ಕಪ್ಪು ಬಟ್ಟಲಲ್ಲಿ. ಯಾವ ಹೆಸರೂ ಇಲ್ಲದ್ದು, ಈ ಕಾಲದ್ದು, ದಿನಾ ಬಳಸೋದು. ಎರಡೂ ಕೈಯಲ್ಲಿ ತಗೊಂಡೆ, ಶಾಖ ನಿಧಾನಕ್ಕೆ ಅಂಗೈಗೆ ಬಂತು, ಅಂಚು ತುಟಿಗೆ ತಾಗಿದಾಗ ಮೆತ್ತಗಿತ್ತು. ಕಹಿ, ಆಮೇಲೆ ಸಿಹಿ. ಮೂರು ಗುಟುಕಲ್ಲಿ ಮುಗೀತು. ಬಟ್ಟಲ ತಳದಲ್ಲಿ ಸಣ್ಣ ಗುಳಿ ಮಾಡಿರ್ತಾರೆ, 'ಚಾದಮಾರಿ' ಅಂತ, ಕೊನೇ ಹನಿ ನಿಲ್ಲೋಕೆ. ಅಲ್ಲಿ ಒಂದು ಹನಿ ಹಸಿರು ನಿಂತಿತ್ತು. ಹೊರಗೆ ಮಳೆ ಬಿಡೋ ತನಕ ನಾನು ಬಟ್ಟಲು ಕೆಳಗಿಡ್ಲಿಲ್ಲ, ಯಜಮಾನಿಯೂ ಕೇಳ್ಲಿಲ್ಲ.